ಕೆಳಗಿನ ಕುಂಡದಲ್ಲಿ ಕರೆದ ಹೆಸರು

ಹೋದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಬಬಲೇಶ್ವರದ ನಮ್ಮ ಹೈಸ್ಕೂಲಿನಿಂದ ನನ್ನನ್ನು ತಿಕೋಟಾಕ್ಕೆ ಹಾಕಿದ್ದರು. ಬಸ್ಸು ಊರು ಮುಟ್ಟುವ ಮೊದಲೇ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಬೇಸಿಗೆ ಹತ್ತಿತೆಂದರೆ ತಿಕೋಟಾದ ಸುತ್ತಲಿನ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಗಂಧಕದ ಹೊಗೆ ಹಾಕುತ್ತಾರೆ, ಹಣ್ಣಿನ ಬಣ್ಣ ಕೆಡಬಾರದೆಂದು. ಪಕ್ಕದಲ್ಲಿ ಕುಳಿತಿದ್ದ ಹೊಸ ಮೇಡಂ ಮೂಗಿಗೆ ಸೆರಗು ಹಿಡಿದು, ಏನಿದು ಎಂದು ಕೇಳಿದರು. ನಾನು ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುವವಳು. ಉರಿಯುವ ಗಂಧಕದ ವಾಸನೆ ಬೇರೆ, ಬಿಸಿನೀರಿನ ಬುಗ್ಗೆಯಲ್ಲಿ ಕರಗಿ ಬರುವ ಗಂಧಕದ ವಾಸನೆ ಬೇರೆ. ಇದು ಮೂಗಿಗೆ ಚುಚ್ಚುತ್ತದೆ, ಅದು ಕೊಳೆತ ತತ್ತಿಯ ಹಾಗೆ ಹೊಟ್ಟೆ ತೊಳಸುತ್ತದೆ. ಇಷ್ಟು ಪಾಠ ಹೇಳಿ, ಕಿಟಕಿ ಎಳೆದು ಮುಚ್ಚಿ, ಮುಖ ಒರೆಸಿಕೊಂಡೆ. ಮೇಡಂ ನೀರಿನ ಬಾಟಲಿ ಕೊಟ್ಟರು. ಅವರಿಗೆ ಹೇಳದೆ ನುಂಗಿಕೊಂಡ ಆ ಒಂದು ವರ್ಷದ ಮಾತನ್ನು ಇಲ್ಲಿ ಬರೆಯುತ್ತೇನೆ.

ನನಗೊಬ್ಬ ತಮ್ಮ, ಶಿವಾನಂದ. ನಾವು ಶಿವು ಅನ್ನುತ್ತೇವೆ. ಓದು ತಲೆಗೆ ಹತ್ತಲಿಲ್ಲ, ಸ್ಟೇರಿಂಗ್ ಮಾತ್ರ ಹತ್ತು ಬೆರಳಿಗೂ ಒಗ್ಗಿತ್ತು. ತಿಕೋಟಾದ ಒಬ್ಬ ವ್ಯಾಪಾರಿಯ ಟೆಂಪೋದಲ್ಲಿ ಒಣದ್ರಾಕ್ಷಿ ಹೇರಿಕೊಂಡು ಘಟ್ಟದ ಕೆಳಗಿನವರೆಗೂ ಹೋಗಿ ಬರುತ್ತಿದ್ದ. ಅಲ್ಲಿ ಗುಡ್ಡದೊಳಗೆ ಒಂದು ಬಿಸಿನೀರಿನ ಬುಗ್ಗೆ ಇದೆ, ಡ್ರೈವರುಗಳು ಮೈನೋವಿಗೆ ಅಲ್ಲಿ ಸ್ನಾನ ಮಾಡುತ್ತಾರೆ ಎಂದು ಮೊದಲು ಹೇಳಿದವನು ಅವನೇ. ಒಮ್ಮೆ ಆ ನೀರನ್ನು ಕ್ಯಾನಿನಲ್ಲಿ ತುಂಬಿಕೊಂಡು ಬಂದು ಅವ್ವನ ಮೊಣಕಾಲಿಗೆ ಸುರಿದಿದ್ದ. ವಿಜಯಪುರ ಮುಟ್ಟುವಷ್ಟರಲ್ಲಿ ಅದು ತಣ್ಣಗಾಗಿ, ಬರೀ ನಾತ ಉಳಿದಿತ್ತು. ಅವ್ವ ಮೂಗು ಮುಚ್ಚಿಕೊಂಡೇ ಅವನನ್ನು ಹೊಗಳಿದ್ದಳು.

ದ್ರಾಕ್ಷಿ ಆರಿಸಲು ಶೆಡ್ಡಿಗೆ ಬರುತ್ತಿದ್ದ ಒಬ್ಬ ವಿಧವೆಯನ್ನು ಮದುವೆಯಾಗುತ್ತೇನೆಂದು ಶಿವು ಹಟ ಹಿಡಿದಾಗ ಮನೆಯಲ್ಲಿ ರಂಪವಾಯಿತು. ಆಕೆಗೆ ಮೂರು ವರ್ಷದ ಮಗಳಿದ್ದಳು. ವಿಜಯಪುರದ ಜೋರಾಪುರ ಪೇಟೆಯ ನನ್ನ ಮನೆಯ ಪಡಸಾಲೆಯಲ್ಲಿ ನಿಂತು ಅವ್ವ ಅವನಿಗೆ ಹೇಳಿದ ಮಾತನ್ನು ಓಣಿಯೆಲ್ಲ ಕೇಳಿತು.

"ನಾ ಸತ್ತರೂ ನನ್ನ ಮಾರಿ ನೋಡಾಕ ಬರಬ್ಯಾಡ."

ಶಿವು ಟೆಂಪೋವನ್ನು ಮಾಲೀಕರ ಬಾಗಿಲಿಗೆ ಬಿಟ್ಟು, ಕೀಲಿ ಕೈಗೆ ಕೊಟ್ಟು, ಆ ತಾಯಿ ಮಗಳನ್ನು ಕರೆದುಕೊಂಡು ಹೋದವನು ಎಲ್ಲಿದ್ದಾನೆಂದೇ ತಿಳಿಯಲಿಲ್ಲ. ಅವ್ವ ಎರಡು ತಿಂಗಳು ಸೆಟೆದುಕೊಂಡಿದ್ದಳು. ಮೂರನೆಯ ತಿಂಗಳು ಊಟ ಬಿಟ್ಟಳು.

ಎಂಟು ತಿಂಗಳಾದ ಮೇಲೆ ಒಂದು ದಿನ, ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿರುವಾಗ, ಗುರುತಿಲ್ಲದ ನಂಬರಿನಿಂದ ಅವನ ಫೋನು ಬಂತು. ಕೇಳಿದ್ದು ಒಂದೇ: ಅವ್ವ ಹೇಗಿದ್ದಾಳೆ? ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಒಳಗೆ ಅವ್ವ ಜ್ವರದಲ್ಲಿ ಅವನ ಹೆಸರು ಹೇಳುತ್ತ ಮಲಗಿದ್ದಳು. ಇವನು ಎಲ್ಲೋ ಕುಳಿತು ಯೋಗಕ್ಷೇಮ ವಿಚಾರಿಸುತ್ತಿದ್ದಾನೆ! ಅವ್ವ ಹೋದಳು, ನಿನ್ನೆ ಮಣ್ಣು ಮಾಡಿ ಬಂದೆವು ಎಂದುಬಿಟ್ಟೆ. ಹಾಗಂದರೆ ಬಿದ್ದೆದ್ದು ಓಡಿ ಬರುತ್ತಾನೆ, ಅವ್ವನನ್ನು ಕಂಡು ನನಗೆ ನಾಲ್ಕು ಬೈದು ಆಕೆಯ ಕಾಲಿಗೆ ಬೀಳುತ್ತಾನೆ ಎಂಬುದು ನನ್ನ ಲೆಕ್ಕ. ಅವನು ಫೋನು ಇಟ್ಟ. ಮೂರು ದಿನ ಬಾಗಿಲು ಕಾದೆ. ಬರಲಿಲ್ಲ. ಮುಖ ನೋಡಲು ಬರಬೇಡ ಎಂದ ತಾಯಿಯ ಮಾತನ್ನು ಅವನು ಅಷ್ಟು ನಿಷ್ಠೆಯಿಂದ ನಡೆಸುತ್ತಾನೆಂದು ನನಗೆ ಹೊಳೆಯಲೇ ಇಲ್ಲ. ತಿರುಗಿ ಹಚ್ಚಿದರೆ ಆ ನಂಬರು ಬಂದ್ ಆಗಿತ್ತು.

ಫೋನು ಬಂದಿತ್ತು ಎಂದು ಅವ್ವನಿಗೆ ಹೇಳಬೇಕಾದರೆ ನಾನೇನು ಹೇಳಿದೆ ಎಂಬುದನ್ನೂ ಹೇಳಬೇಕಲ್ಲ. ಹೇಳಲಿಲ್ಲ. ಹತ್ತಿರ ಹತ್ತಿರ ಐದು ವರ್ಷ ಹಾಗೇ ಕಳೆಯಿತು. ಬಂಧುಗಳು ಮೊದಮೊದಲು ಪಿಸುಗುಟ್ಟಿದರು, ಆಮೇಲೆ ಎದುರಿಗೇ ಆಡತೊಡಗಿದರು: ಹುಡುಗ ಉಳಿದಿರಲಿಕ್ಕಿಲ್ಲ, ಹಿರಿಯರಿಗೆ ಎಡೆ ಇಡುವ ದಿನ ಅವನಿಗೂ ಒಂದು ಇಟ್ಟುಬಿಡಿ. ಅವ್ವ ಪ್ರತಿ ವರ್ಷ ಅಪ್ಪನ ಹೆಸರಿಗೆ ಎಡೆ ಇಟ್ಟು, ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ, ಏನೂ ಬಡಿಸದೆ ಎತ್ತಿಡುತ್ತಿದ್ದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ.

ಆ ವರ್ಷ ಚಳಿಗಾಲ ಬಿರುಸಾಗಿತ್ತು. ಅವ್ವನ ಮೊಣಕಾಲು ಬಾತು ಕುಂಬಳಕಾಯಿಯಾಗಿ, ಸಿದ್ಧೇಶ್ವರ ಗುಡಿಯವರೆಗೂ ನಡೆಯಲಾಗದಂತಾಯಿತು. ನಮ್ಮ ಓಣಿಯ ರಾಜೇಸಾಬ ಗೋಳಗುಮ್ಮಟದ ಮುಂದೆ ಬಾಡಿಗೆ ಕಾರು ಹಚ್ಚುವವನು, ಪ್ರವಾಸಿಗರನ್ನು ಕರೆದುಕೊಂಡು ಘಟ್ಟ ಸುತ್ತಿದವನು, ಮರಾಠಿ ನೀರು ಕುಡಿದಷ್ಟು ಸಲೀಸು. ಬುಗ್ಗೆಯ ಮಾತು ಅವನೇ ತೆಗೆದ. ಅಲ್ಲಿಯ ಕಟ್ಟಳೆಯನ್ನೂ ಹೇಳಿದ. ಎರಡು ಕುಂಡ ಇವೆ. ಮೇಲಿನದರಲ್ಲಿ ಮೊದಲು ನಿಮ್ಮ ಹೆಸರಿನಲ್ಲಿ, ಆಮೇಲೆ ಬರಲಾರದೆ ಮನೆಯಲ್ಲಿ ಉಳಿದವರ ಹೆಸರಿನಲ್ಲಿ ಮುಳುಗು ಹಾಕಬೇಕು. ಕೆಳಗಿನದು ತೀರಿಕೊಂಡವರ ಹೆಸರಿಗೆ. ಮೆಟ್ಟಿಲ ಮೇಲೆ ಒಬ್ಬ ಅಜ್ಜ ನಿಂತು ಊರು, ಹೆಸರು ಕೂಗುತ್ತಾನೆ, ಕೂಗಿದಾಗ ಮುಳುಗಬೇಕು. ಅವ್ವ ಕೇಳಿಸಿಕೊಂಡು, ಸಂಕ್ರಾಂತಿ ಕಳೆಯಲಿ, ಹೋಗೋಣ ಎಂದಳು. ಶಿವೂನ ಹೆಸರನ್ನು ಯಾವ ಕುಂಡದಲ್ಲಿ ಕರೆಸುತ್ತೀ ಎಂದು ನಾನು ಕೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ದಾರಿಯುದ್ದಕ್ಕೂ ಎರಡು ಬೆರಳು ಮಡಚುತ್ತ ಬಿಚ್ಚುತ್ತ ಕುಳಿತಿದ್ದಳು.

ಮಿರಜ ದಾಟಿ, ಕೊಲ್ಲಾಪುರದಲ್ಲಿ ರಾತ್ರಿ ತಂಗಿ, ಬೆಳಗಾದ ಮೇಲೆ ಘಟ್ಟ ಇಳಿದೆವು. ನಮ್ಮ ಕಡೆಯ ಕಣ್ಣಿಗೆ ಅಷ್ಟೊಂದು ಹಸಿರು ಸರಿ ಬರುವುದಿಲ್ಲ. ಏನೋ ಮುಚ್ಚಿಟ್ಟಿದ್ದಾರೆ ಅನ್ನಿಸುತ್ತದೆ. ಕಾರು ನಿಲ್ಲಿಸಿ ಕಾಲುದಾರಿಯಲ್ಲಿ ಏರಿದರೆ ಕರಿಕಲ್ಲಿನ ಗುಡ್ಡದ ಬಾಯಿಂದ ನೀರು ಕುದಿಯುತ್ತಲೇ ಬರುತ್ತಿತ್ತು. ಕಲ್ಲಿಗೆ ಹಳದಿ ಪದರು ಕಟ್ಟಿತ್ತು. ನೀರು ಮೇಲಿನ ಕುಂಡಕ್ಕೆ ಬಿದ್ದು, ಅದರ ಅಂಚು ದಾಟಿ ಕೆಳಗಿನದಕ್ಕೆ ಇಳಿಯುತ್ತಿತ್ತು. ಹಬೆಯಲ್ಲಿ ಜನರ ತಲೆ ಮಾತ್ರ ಕಾಣುತ್ತಿದ್ದವು, ಅವೂ ಒಮ್ಮೆ ಕಂಡು ಒಮ್ಮೆ ಇಲ್ಲವಾಗುತ್ತಿದ್ದವು. ಮೇಲೆ ನಗು, ಮಕ್ಕಳ ಗಲಾಟೆ. ಕೆಳಗೆ ಇಬ್ಬರೋ ಮೂವರೋ ಇದ್ದರು, ಯಾರೂ ಮಾತಾಡುತ್ತಿರಲಿಲ್ಲ.

ಹೆಸರು ಕರೆಯುವ ಅಜ್ಜ ತೆಳ್ಳಗೆ, ನೆಟ್ಟಗೆ ಇದ್ದ. ಪುಸ್ತಕ ಇಲ್ಲ, ಪೆನ್ನಿಲ್ಲ. ಒಮ್ಮೆ ಕೂಗಿದ ಹೆಸರು ಮರೆಯುವುದಿಲ್ಲವಂತೆ. ಅವ್ವನನ್ನು ನಾನು ಮೇಲಿನ ಕುಂಡದ ಮೊದಲ ಮೆಟ್ಟಿಲಿಗೆ ಇಳಿಸಿದೆ. ನೀರು ಹಿಮ್ಮಡಿಗೆ ತಾಗಿತ್ತು ಅಷ್ಟೆ. ರಾಜೇಸಾಬ ದಂಡೆಯಿಂದಲೇ ಊರು, ಹೆಸರು ಹೇಳಿದ: ವಿಜಾಪುರ ಜಿಲ್ಲೆ, ತಿಕೋಟಾ, ಗಂಗವ್ವ. ಅಪ್ಪನ ಊರು ತಿಕೋಟಾ, ಅವ್ವನಿಗೆ ಊರೆಂದರೆ ಅದೇ.

ಅಜ್ಜ ಬಾಯಿ ತೆರೆದವನು ಮುಚ್ಚಿದ. ಅವ್ವನನ್ನು ಮೇಲಿಂದ ಕೆಳಗೆ ನೋಡಿ, ಮರಾಠಿಯಲ್ಲಿ ಏನೋ ಅಂದ. ರಾಜೇಸಾಬ ಮತ್ತೊಮ್ಮೆ ಕೇಳಿ, ಮತ್ತೊಮ್ಮೆ ಹೇಳಿಸಿಕೊಂಡು, ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ರಕ್ತ ಇರಲಿಲ್ಲ.

"ಅಕ್ಕಾರ, ಈ ಹೆಸರ ಮ್ಯಾಲ ಕರಿಯಾಂಗಿಲ್ಲ ಅಂತಾನ್ರಿ. ತೆಳಗ ಕರದಾಗೈತಂತ. ಐದ ಸಲ."

ಕೆಳಗೆ ಕರೆದ ಹೆಸರನ್ನು ಮೇಲೆ ಕರೆಯುವುದು ಅಲ್ಲಿ ನಿಷಿದ್ಧ. ಹೋದವರನ್ನು ಇದ್ದವರ ನೀರಿಗೆ ಕರೆದಂತಾಗುತ್ತದೆ ಎಂದು ಅವರ ನಂಬಿಕೆ. ಅಷ್ಟರಲ್ಲಿ ಮಾತು ಕುಂಡದೊಳಗೆ ಹರಡಿತು. ಅವ್ವನ ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವನ್ನು ಎಳೆದುಕೊಂಡಳು. ಒಬ್ಬೊಬ್ಬರಾಗಿ ಎದುರು ದಂಡೆಗೆ ಸರಿದರು. ಅವ್ವನ ಸುತ್ತ ನೀರು ಖಾಲಿಯಾಯಿತು. ಹಗಲು ಹೊತ್ತು, ಬಿಸಿಲಿತ್ತು, ನನಗೆ ಮಾತ್ರ ಬೆನ್ನಹುರಿಯಲ್ಲಿ ಚಳಿ ಇಳಿಯಿತು.

ಕರೆಸಿದವರು ಯಾರು ಎಂದು ಅವ್ವನೇ ಕೇಳಿದಳು. ಅಜ್ಜ ಹೇಳಿದ: ಪ್ರತಿ ವರ್ಷ ಎಳ್ಳಮವಾಸ್ಯೆಯ ದಿನ ಒಬ್ಬ ಬರುತ್ತಾನೆ, ಇದೇ ಘಟ್ಟದ ಕೆಳಗೆ ಎಲ್ಲೋ ಲಾರಿ ಓಡಿಸುತ್ತಾನೆ. ಮೇಲೆ ತಿಕೋಟಾದ ಶಿವಾನಂದ ಎಂದು ತನ್ನ ಹೆಸರು ಕರೆಸಿಕೊಳ್ಳುತ್ತಾನೆ, ಕೆಳಗೆ ಗಂಗವ್ವ ಎಂದು ತಾಯಿಯ ಹೆಸರು. ಅಳುತ್ತಾನೆ. ಈ ವರ್ಷದ್ದು ಮುಗಿಸಿ ಹೋಗಿ ತಿಂಗಳಾಗಿಲ್ಲ.

ಅವ್ವ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮಗ ಬದುಕಿದ್ದಾನೆ ಎಂದು ಮೊದಲು ನಕ್ಕಳು. ನಗು ಪೂರ್ತಿಯಾಗುವ ಮೊದಲೇ ನಿಂತಿತು.

"ನಾ ಸತ್ತೀನಂತ ಅವಗ ಯಾರ ಹೇಳ್ಯಾರ?"

ನಾನು ಬಗ್ಗಿ ಅವಳ ಒದ್ದೆ ಹಿಮ್ಮಡಿ ಒರೆಸಿದೆ. ಕಾರಿನಲ್ಲಿ ವಾಪಸು ಬರುವಾಗ ಆಕೆ ಮತ್ತೆ ಆ ಪ್ರಶ್ನೆ ಕೇಳಲಿಲ್ಲ; ಕೇಳಿದ್ದರೆ ಅಂದೇ ಹೇಳಿಬಿಡುತ್ತಿದ್ದೆನೇನೋ. ಇದು ನೆಪ ಎಂದು ನನಗೆ ಗೊತ್ತು.

ಅಲ್ಲಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಯಾರಿಗೂ ಹೇಳಿರಲಿಲ್ಲ. ಹಾಲಿನವಳು ಬಾಗಿಲಲ್ಲಿ ಗಂಗವ್ವಾ ಎಂದು ಕೂಗಿದರೆ, ಅವ್ವ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರೂ ಓ ಅನ್ನುತ್ತಿರಲಿಲ್ಲ. ಆಕಿ ಇಲ್ಲ ಅಂತ ಹೇಳು ಎಂದು ನನಗೆ ಹೇಳುತ್ತಿದ್ದಳು. ಚೇಷ್ಟೆಯೆಂದುಕೊಂಡೆ. ಊಟಕ್ಕೆ ನಮ್ಮ ಸಾಲಿನಲ್ಲಿ ಕೂರುವುದನ್ನು ಬಿಟ್ಟಳು. ಅಪ್ಪನಿಗೆ ಎಡೆ ಇಡುವ ಮೂಲೆಯಲ್ಲಿ ತಟ್ಟೆ ಇಡಬೇಕು, ನಾವು ಬೆನ್ನು ತಿರುಗಿಸಬೇಕು, ಆಗಷ್ಟೇ ಉಣ್ಣುವಳು. ನಮ್ಮ ಮನೆಯವರು ಬ್ಯಾಂಕಿನ ನೌಕರರು, ಯಾವುದಕ್ಕೂ ಹೆದರುವ ಜೀವ ಅಲ್ಲ. ಅವರೇ ಸಂಜೆ ಮನೆಗೆ ತಡವಾಗಿ ಬರತೊಡಗಿದರು.

ಸ್ನಾನದ್ದು ಎಲ್ಲಕ್ಕಿಂತ ಕಷ್ಟವಾಯಿತು. ಎಷ್ಟು ಕಾಯಿಸಿದರೂ ನೀರು ತಣ್ಣಗಿದೆ ಅನ್ನುವಳು. ಒಂದು ಭಾನುವಾರ ನಾನು ಮುಟ್ಟಲಾರದಷ್ಟು ಸುಡುವ ನೀರನ್ನು ತಂಬಿಗೆಯಲ್ಲಿ ತುಂಬಿ ತಾನೇ ಹೆಗಲ ಮೇಲೆ ಸುರಿದುಕೊಂಡಳು. ಚೀರಿ ಓಡಿಹೋಗಿ ನೋಡಿದೆ. ಚರ್ಮ ಕೆಂಪಾಗಿರಲಿಲ್ಲ. ಮುದುಕರ ಚರ್ಮ, ರಕ್ತದ ಓಡಾಟ, ನರಗಳ ಸಂವೇದನೆ ಎಂದು ನನ್ನೊಳಗಿನ ಟೀಚರು ಏನೇನೋ ಹೇಳಿದಳು. ನಾನು ನಂಬಲಿಲ್ಲ.

ಫೆಬ್ರುವರಿಯ ಕೊನೆಗೆ ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿಸಬೇಕಾಗಿ ಬಂತು. ಅವ್ವನ ಬೆರಳನ್ನು ಮಷೀನು ಹಿಡಿಯಲಿಲ್ಲ. ಬಲಗೈ, ಎಡಗೈ, ಒರೆಸಿ, ಎಣ್ಣೆ ಹಚ್ಚಿ, ಏನು ಮಾಡಿದರೂ ಇಲ್ಲ. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತವೆ, ದಿನಾ ಹತ್ತು ಜನರಿಗೆ ಹೀಗಾಗುತ್ತದೆ ಎಂದು ಅಂಗಡಿಯವನು ಸಮಾಧಾನ ಮಾಡಿದ. ಅವ್ವ ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ನನಗೆ ಹೇಳಿದಳು.

"ನೋಡಿದಿಲ್ಲ? ಮಷೀನಿಗೂ ಗೊತ್ತಾಗೈತಿ."

ನಗುತ್ತ ಹೇಳಿದಳು. ಸಾಲಿನವರೂ ನಕ್ಕರು. ಆಕೆಯ ಕಣ್ಣು ಮಾತ್ರ ನಗುತ್ತಿರಲಿಲ್ಲ. ಐದು ವರ್ಷದ ಹಿಂದೆ ನಾನು ಫೋನಿನಲ್ಲಿ ಆಡಿದ ಮಾತು ಈಗ ಮನೆಯೊಳಗೆ ಬಂದು, ದಿನಕ್ಕಿಷ್ಟು ಎಂದು ಆಕೆಯನ್ನು ತಿನ್ನುತ್ತಿತ್ತು.

ಮಾರ್ಚ್‌ನಲ್ಲಿ ಸೋದರತ್ತೆಯ ಮನೆಯ ಸೀಮಂತಕ್ಕೆ ತಿಕೋಟಾಕ್ಕೆ ಹೋದೆವು. ಮಧ್ಯಾಹ್ನ ಉಂಡು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಒಣದ್ರಾಕ್ಷಿ ಶೆಡ್ಡೊಂದರ ಮುಂದೆ ಅವ್ವ ನಿಂತಳು. ದ್ರಾಕ್ಷಿ ಹರಡಿದ ಬಲೆಯ ಅಟ್ಟಗಳನ್ನು ತಾಡಪತ್ರಿಯಿಂದ ಮುಚ್ಚಿ ಒಳಗೆ ಗಂಧಕ ಹಾಕಿದ್ದರು. ಅವ್ವ ಆ ಹೊಗೆಯನ್ನು ಎದೆ ತುಂಬ ಎಳೆದುಕೊಂಡು, ತನ್ನನ್ನು ಬುಗ್ಗೆಗೇ ಬಿಟ್ಟು ಬಾ, ತನ್ನ ಹೆಸರು ಇರುವುದು ಅಲ್ಲಿ ಎಂದಳು. ಆ ದನಿಯಲ್ಲಿ ಚೇಷ್ಟೆ ಎಳ್ಳಷ್ಟೂ ಇರಲಿಲ್ಲ. ಇನ್ನು ತಡೆದರೆ ಈ ಜೀವ ಉಳಿಯುವುದಿಲ್ಲ ಅನ್ನಿಸಿ, ಉರಿಬಿಸಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಫೋನು ಬಂದದ್ದು, ನಾನು ಆಡಿದ್ದು, ಮೂರು ದಿನ ಕಾದದ್ದು, ಆಮೇಲೆ ಬಾಯಿ ಹೊಲಿದುಕೊಂಡದ್ದು.

ಅವ್ವ ನನ್ನ ತೋಳು ಹಿಡಿದು ನಡೆಯುತ್ತಿದ್ದಳು. ಮಾತು ಮುಗಿದಾಗ ಆ ಕೈ ತೆಗೆದಳು. ಬಾತ ಮೊಣಕಾಲಿನಲ್ಲೇ ಒಬ್ಬಳೇ ಬಸ್‌ಸ್ಟ್ಯಾಂಡಿನವರೆಗೆ ನಡೆದಳು.

ಮರುದಿನದಿಂದ ಅವ್ವ ಸಾಲಿನಲ್ಲಿ ಕುಳಿತು ಉಂಡಳು. ಹಾಲಿನವಳಿಗೆ ಓಗೊಟ್ಟಳು. ಬಿಸಿನೀರು ಸುಟ್ಟರೆ ಹಾ ಎಂದಳು. ನಾನು ಕರೆದರೆ ಮಾತ್ರ ಕೇಳಿಸದವಳ ಹಾಗೆ ಇರುತ್ತಿದ್ದಳು. ಬೇಸಿಗೆ, ಮಳೆಗಾಲ, ದಸರೆ, ದೀಪಾವಳಿ. ಅದೇ ಮನೆ, ಅದೇ ಒಲೆ, ನಾನು ಬಡಿಸಿದ್ದನ್ನೇ ಉಣ್ಣುತ್ತಿದ್ದಳು, ನನ್ನನ್ನು ಹಾಯ್ದು ಗೋಡೆಯನ್ನು ನೋಡುತ್ತ. ಕೆಲವು ದಿನ ಕನ್ನಡಿಯ ಮುಂದೆ ನಿಂತು ನನ್ನ ಕೆನ್ನೆ ನಾನೇ ಮುಟ್ಟಿಕೊಂಡಿದ್ದೇನೆ. ರಾಜೇಸಾಬ ಅಷ್ಟರಲ್ಲಿ ಎರಡು ಸಲ ಘಟ್ಟದ ಕೆಳಗೆ ಹೋಗಿ ವಿಚಾರಿಸಿ ಬಂದ. ಲಾರಿಯವನ ವಿಳಾಸ ಸಿಗಲಿಲ್ಲ. ಎಳ್ಳಮವಾಸ್ಯೆಯನ್ನೇ ಕಾಯಬೇಕಾಯಿತು. ಅಲ್ಲಿಯವರೆಗೆ ಅವ್ವ ಇರಬೇಕು, ಅವನು ಬರಬೇಕು. ನನ್ನ ಪ್ರಾರ್ಥನೆಯಲ್ಲಿ ಆ ವರ್ಷ ಬೇರೇನೂ ಇರಲಿಲ್ಲ.

ಊರಿನವರೆಲ್ಲ ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೊರಟಿದ್ದ ಆ ಅಮವಾಸ್ಯೆಯ ಬೆಳಗ್ಗೆ ನಾವು ಮೂವರೂ ಬುಗ್ಗೆಯ ಹತ್ತಿರ ಇದ್ದೆವು. ಅವ್ವ ಯಾರನ್ನೂ ಕೇಳದೆ ಕೆಳಗಿನ ಕುಂಡದ ಮೆಟ್ಟಿಲಿಗೆ ಹೋಗಿ, ಸೆರಗು ಹೊದ್ದು ಕುಳಿತಳು. ಅವ ಬಂದರೆ ಎಂದಿನಂತೆಯೇ ಕರೆಯಿರಿ ಎಂದು ರಾಜೇಸಾಬನ ಬಾಯಿಂದ ಅಜ್ಜನಿಗೆ ಹೇಳಿಸಿದಳು. ಅಜ್ಜ ಒಪ್ಪಿದ, ಆದರೆ ಆಕೆಯ ಕಡೆ ನೋಡಲಿಲ್ಲ. ಹಬೆಯಲ್ಲಿ ಅವ್ವ ಇರುವುದು ಹತ್ತು ಹೆಜ್ಜೆಯಿಂದ ನನಗೇ ಕಾಣುತ್ತಿರಲಿಲ್ಲ.

ಬಿಸಿಲು ಏರಿದ ಮೇಲೆ ಶಿವು ಬಂದ. ಕೂದಲು ಅರ್ಧ ಬೆಳ್ಳಗಾಗಿತ್ತು. ಹೆಂಡತಿ, ಮಗಳು ಮೇಲಿನ ದಂಡೆಯಲ್ಲೇ ಉಳಿದರು. ಅವನು ಮೇಲೆ ಒಂದು ಮುಳುಗು ಹಾಕಿ, ಕೆಳಗಿನ ಕುಂಡಕ್ಕೆ ಇಳಿದು, ಬಂಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತ. ಅಜ್ಜ ಕೂಗಿದ: ತಿಕೋಟಾ, ಗಂಗವ್ವ.

"ಓ" ಎಂದಳು ಅವ್ವ.

ಶಿವು ಮುಳುಗಲಿಲ್ಲ, ತಿರುಗಲೂ ಇಲ್ಲ. ಇನ್ನೊಮ್ಮೆ ಕರೆಯಿರಿ ಎಂದು ಅಜ್ಜನಿಗೆ ಸನ್ನೆ ಮಾಡಿದ. ಅಜ್ಜ ಮತ್ತೆ ಕೂಗಿದ.

"ಓ ಯಪ್ಪಾ. ಇಲ್ಲೇ ಅದೀನಿ."

ಈಗ ತಿರುಗಿದ. ತಾಯಿಯನ್ನು ಕಂಡು ಮಗ ಅಷ್ಟು ಹೆದರಿದ್ದನ್ನು ನಾನು ಎಲ್ಲೂ ನೋಡಿಲ್ಲ. ಹಿಂದಕ್ಕೆ ಸರಿದು ಬಂಡೆಗೆ ಒರಗಿಕೊಂಡ. ಅವ್ವ ಒಂದೊಂದೇ ಮೆಟ್ಟಿಲು ಇಳಿದು, ಸೀರೆ ಸಮೇತ ಎದೆಮಟ್ಟದ ನೀರಿಗೆ ಹೋಗಿ, ಅವನ ಕೈ ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವನ ಬಾಯಿಂದ ಅವ್ವಾ ಎಂಬ ಶಬ್ದ ಬಂತು. ಆಮೇಲೆ ಅವಳ ತಲೆಯ ಮೇಲಿಂದ ಅವನ ಕಣ್ಣು ಮೆಟ್ಟಿಲ ಮೇಲೆ ನಿಂತ ನನ್ನನ್ನು ಹುಡುಕಿತು. ಆ ಕಣ್ಣಿನಲ್ಲಿ ಏನಿತ್ತೆಂದು ಬರೆಯಲಾರೆ. ನೀನು ಫೋನಿನಲ್ಲಿ, ಎಂದು ಶುರು ಮಾಡಿದ.

ಅವ್ವ ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಆಕೀನ್ನ ಯಾಕ ನೋಡ್ತಿ? ನಾನ ಹೇಳಸಿದ್ದೆ. ಸಿಟ್ಟಿನ್ಯಾಗ ಹಂಗ ಹೇಳು ಅಂದಿದ್ದೆ. ಆಕಿ ಬ್ಯಾಡ ಬ್ಯಾಡ ಅಂದಳು."

ಒಂಬತ್ತು ತಿಂಗಳಿಂದ ನನ್ನೊಡನೆ ಮಾತು ಬಿಟ್ಟಿದ್ದ ಹೆಂಗಸು, ಅಕ್ಕ ತಮ್ಮ ಒಬ್ಬರಿಗೊಬ್ಬರು ಇಲ್ಲವಾಗಬಾರದೆಂದು, ನನ್ನ ಸುಳ್ಳನ್ನು ತನ್ನ ತಲೆಗೆ ಕಟ್ಟಿಕೊಂಡಳು. ನಾನು ಅಲ್ಲ ಅನ್ನಬೇಕಿತ್ತು. ಬಾಯಿ ತೆರೆದೆ. ಶಿವು ಅಷ್ಟರಲ್ಲಿ ನನ್ನ ಮೇಲಿನ ಕಣ್ಣು ತೆಗೆದಿದ್ದ. ನನಗೆ ಹಗುರವೆನಿಸಿತು. ಹೌದು, ಹಗುರವೆನಿಸಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ನಾನು ಸುಮ್ಮನೆ ನಿಂತೆ.

ಅವ್ವ ಇನ್ನೊಂದೂವರೆ ವರ್ಷ ಇದ್ದಳು. ನನ್ನ ಕರೆಗೆ ಓಗೊಟ್ಟಳು, ನನ್ನ ತೋಳು ಹಿಡಿದು ಗುಡಿಗೆ ಬಂದಳು, ಆ ಮಾತನ್ನು ಮಾತ್ರ ಎತ್ತಲಿಲ್ಲ. ಕೊನೆಗೆ ಬಾಯಿಗೆ ನೀರು ಬಿಟ್ಟವನು ಶಿವು. ಆದರೆ ಈಗ ಎಳ್ಳಮವಾಸ್ಯೆಗೆ ಅವನು ಬುಗ್ಗೆಗೆ ಹೋಗುವುದಿಲ್ಲ. ಹೋದ ವರ್ಷ ನಾನು ಯಾಕೆಂದು ಕೇಳಿದೆ. ಇದ್ದಾಗಲೇ ಐದು ಸಲ ಅತ್ತಾಗಿದೆ, ಇನ್ನು ನನ್ನ ಹತ್ತಿರ ಕಣ್ಣೀರಿಲ್ಲ ಎಂದ.

"ಅವ್ವ ಹಂಗ ಹೇಳಸಬಾರದಿತ್ತು ಅಕ್ಕಾ."

ನಾನು ಹೂಂ ಅಂದೆ. ಎದುರಿಗೆ ಕುಳಿತು, ಅವನಿಗೆ ರೊಟ್ಟಿ ಬಡಿಸುತ್ತ, ಹೂಂ ಅಂದೆ.

ಶಿವು, ನೀನು ಓದುವವನಲ್ಲ. ನಿನ್ನ ಮಗಳು ಓದಿ ಹೇಳುತ್ತಾಳೆ. ಅವ್ವ ಹೇಳಿಸಿರಲಿಲ್ಲ.